ದಿಕ್ಸೂಚಿಗೆ ಬಿಟ್ಟ ಜಾಗ

ಮೊದಲ ಪುಟ. ಕೊನೆಗೆ ಬರೆದದ್ದು, 2 ಜೂನ್ 2025

ಲೆಕ್ಕದ ಪುಸ್ತಕದ ಮೊದಲ ಹಾಳೆಯನ್ನು ಖಾಲಿ ಬಿಟ್ಟು ಬರೆಯಲು ಶುರುಮಾಡುವುದು ನನ್ನ ಅಭ್ಯಾಸ. ವರ್ಷ ಮುಗಿದಾಗ ಒಟ್ಟು ಬಾಬ್ತು ಅಲ್ಲಿ ಬಂದು ಕೂರುತ್ತದೆ. ಪುಸ್ತಕ ತೆರೆದವನಿಗೆ ಕಹಿ ಮೊದಲೇ ಗೊತ್ತಾಗಿಬಿಟ್ಟರೆ ಒಳ್ಳೆಯದು. ಈ ಪುಸ್ತಕಕ್ಕೂ ಹಾಗೇ ಮಾಡಿದ್ದೆ. ಈಗ ತುಂಬಿಸುತ್ತೇನೆ.

ವಿಮಾನದಿಂದ ಆದ ಖರ್ಚು: ನನ್ನ ಎಲೆ ಶೆಡ್ಡು, ತಕ್ಕಡಿ ಸಮೇತ. ಹಳೆ ತಗಡಿಗೆ ಬದಲಾಗಿ ಕೊಟ್ಟ ಹೊಸ ಜಿಂಕ್ ಶೀಟುಗಳು. ಜೀಪಿನ ಬ್ರೇಕ್ ಲೈನರ್, ಎರಡು ಸಲ. ಕಲ್ಲಟ್ಟಿ ಇಳಿಜಾರು ತಿಂದದ್ದು. ಕಿತ್ತಳೆ, ಬ್ರೆಡ್ಡು, ಗ್ಲೂಕೋಸ್ ಪುಡಿ. ಭಾವನ ಜೊತೆ ಮಾತು, ಕೆಲವು ವಾರ. ‘ಹಾಲನ್ ಹೋದರೆ ಬರಿಗೈಯಲ್ಲಿ ಬರುವುದಿಲ್ಲ’ ಎಂದು ನಲವತ್ತು ವರ್ಷ ಕಟ್ಟಿಕೊಂಡಿದ್ದ ಹೆಸರು. ಹೆಂಗಸರ ಸ್ವೆಟರ್ ಒಂದು, ಕಂದು ಬಣ್ಣ, ಮೊಣಕೈ ಹತ್ತಿರ ಹೊಲಿಗೆ ಹಾಕಿದ್ದು.

ರೂಪಾಯಿ ಲೆಕ್ಕ ಭಾವನ ಹತ್ತಿರ ಇದೆ. ಅದನ್ನು ನಾನು ನೋಡಿಲ್ಲ. ಈ ಜನ್ಮದಲ್ಲಿ ನಾನು ನೋಡದೆ ಬಿಟ್ಟ ಲೆಕ್ಕ ಅದೊಂದೇ.

14 ಅಕ್ಟೋಬರ್ 2024

ಹೆಂಡತಿ ಭುವನಾ ಇದ್ದಾಗ ದಿನದ ಸುದ್ದಿಯನ್ನೆಲ್ಲ ಸಂಜೆ ಅವಳಿಗೆ ಹೇಳುತ್ತಿದ್ದೆ. ಅವಳು ಹೋಗಿ ಒಂದು ಮಳೆಗಾಲ ಕಳೆಯಿತು. ಗೋಡೆಗೆ ಹೇಳಿದರೆ ಹಟ್ಟಿಯವರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ಪುಸ್ತಕಕ್ಕೆ ಹೇಳಿದರೆ, ಹಾಲನ್ ಲೆಕ್ಕ ಬರೆಯುತ್ತಿದ್ದಾನೆ ಅಂದುಕೊಂಡು ಸುಮ್ಮನಾಗುತ್ತಾರೆ.

ಅವಳ ಅಣ್ಣ ಮಹಾಲಿಂಗಂ ವಾಯುಪಡೆಯಲ್ಲಿ ವಿಮಾನದ ಮೈ ರಿಪೇರಿ ಮಾಡುತ್ತಿದ್ದವರು. ನಿವೃತ್ತಿಯಾಗಿ ಬಂದ ಮೇಲೆ ಎಲ್ಲರ ಹಾಗೆ ಕ್ಯಾರೆಟ್ ಹಾಕಿಕೊಂಡು ಇರಬಹುದಿತ್ತು. ಅದು ಬಿಟ್ಟು, ಈ ಬೆಟ್ಟದಲ್ಲಿ ಬಿದ್ದ, ಕೆಟ್ಟು ನಿಂತ ಹಳೆಯ ವಿಮಾನಗಳಿಗೆ ಮ್ಯೂಸಿಯಂ ಕಟ್ಟುತ್ತೇನೆ ಎಂದು ಹೊರಟಿದ್ದಾರೆ. ಜೊತೆಗೆ ಸಂಬಳ ಕೇಳದ ಏಳೆಂಟು ಜನ: ವೆಲ್ಡಿಂಗ್ ಮಾಡುವವರು, ಪೆಯಿಂಟ್ ಹೊಡೆಯುವವರು. ಕಾಗದ ಪತ್ರಕ್ಕೆ ಊಟಿಯ ಫಿಸಿಕ್ಸ್ ಟೀಚರ್ ತೇನ್ಮೊಳಿ.

ಅವರಿಗೆ ಜಾಗ ಬೇಕಿತ್ತು. ನನ್ನ ಎಲೆ ಶೆಡ್ಡು ಖಾಲಿ ಬಿದ್ದಿತ್ತು. ಅದೇ ಶೆಡ್ಡಿನಲ್ಲಿ ಚಹಾ ಎಲೆಯ ಮೂಟೆ ಹೊರುತ್ತ ಶುರುಮಾಡಿ, ಆಮೇಲೆ ತೂಗುವವನಾಗಿ, ಆಮೇಲೆ ಏಜೆಂಟನಾಗಿ, ಕೊನೆಗೆ ಶೆಡ್ಡನ್ನೇ ಕೊಂಡವನು ನಾನು. ಈಗ ಫ್ಯಾಕ್ಟರಿಯವರು ತೋಟದ ಬಾಗಿಲಿಗೇ ಗಾಡಿ ಕಳಿಸುತ್ತಾರೆ. ಮಧ್ಯೆ ನಿಂತು ತೂಗುವವನು ಯಾರಿಗೂ ಬೇಡ. ಬಾಡಿಗೆ ಕೇಳಬೇಕು ಅಂದುಕೊಂಡು ಹೋದೆ. ಬಾಯಿ ತೆರೆಯುವಷ್ಟರಲ್ಲಿ ಭಾವ ನೆಲ ಗುಡಿಸುತ್ತಿದ್ದರು.

ಅವರಿಗೆ ಮುಖ್ಯವಾದದ್ದು, ಯುದ್ಧದ ಕಾಲದಲ್ಲಿ ಮೋಯಾರ್ ಕಣಿವೆ ಹತ್ತಿರ ಬಿದ್ದ ಎರಡು ಸೀಟಿನ ವಿಮಾನ. ಮೂಳೆಯೆಲ್ಲ ಸಿಕ್ಕಿದೆ, ಚರ್ಮ ಸಿಕ್ಕಿಲ್ಲ. ತಗಡೆಲ್ಲ ಎಂಬತ್ತು ವರ್ಷದಲ್ಲಿ ಮಸಿನಗುಡಿ ಸುತ್ತಿನ ಮನೆಮನೆ ಸೇರಿಬಿಟ್ಟಿದೆ. ಮನೆಮನೆ ತಿರುಗುವುದು ಎಂದರೆ ಅದು ನನ್ನ ಕಸುಬು. ಹಳೆ ತಗಡು ಕೊಡಿ, ಹೊಸ ಜಿಂಕ್ ಶೀಟು ತಗೊಳ್ಳಿ. ಇವತ್ತು ಒಂದು ಕೋಳಿಗೂಡಿನ ಮಾಡು ಬಿಚ್ಚಿದೆವು. ಅದು ರೆಕ್ಕೆಯ ತುದಿಯಂತೆ.

“ಹೊಸ ಶೀಟಾಕಿದ್ರೆ ಕೋಳಿ ಮೊಟ್ಟೆ ಜಾಸ್ತಿ ಇಕ್ತದಾ?” ಎಂದಳು ಮನೆಯವಳು.

“ಇಕ್ಕದಿದ್ರೆ ಹೇಳಮ್ಮ, ನಾನೇ ಬಂದು ಇಕ್ತೀನಿ” ಎಂದೆ.

ಮನೆಗೆ ಬಂದು ಒಬ್ಬನೇ ಉಂಡೆ. ಸಾರು ನಿನ್ನೆಯದು.

4 ನವೆಂಬರ್

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ವಿಮಾನದಲ್ಲಿ ಪೈಲಟ್ ಎದುರಿಗೆ ಗಡಿಯಾರಗಳಂಥವನ್ನು ಕೂರಿಸುವ ಹಲಗೆ ಇದೆ. ಎಲ್ಲ ತೂತುಗಳಿಗೂ ಭಾವ ಏನೇನೋ ಹೊಂದಿಸಿಕೊಂಡಿದ್ದಾರೆ. ನಡುವಿನ ದೊಡ್ಡ ತೂತು ದಿಕ್ಸೂಚಿಯದು. ಅದು ಮಾತ್ರ ಅದೇ ವಿಮಾನದ್ದೇ ಆಗಬೇಕಂತೆ. ಯಾಕೆಂದರೆ ವಿಮಾನದ ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ಪ್ರತಿಯೊಂದು ದಿಕ್ಸೂಚಿಯನ್ನೂ ಅದದೇ ವಿಮಾನಕ್ಕೆ ತಿದ್ದಿ, ಅಡಿಯಲ್ಲಿ ಆ ವಿಮಾನದ ನಂಬರ್ ಕೆತ್ತುತ್ತಿದ್ದರಂತೆ. ನಂಬರ್ ಸಿಕ್ಕರೆ ಹಳೆಯ ದಾಖಲೆಯಲ್ಲಿ ಅವತ್ತು ಹಾರಿಸಿದವನ ಹೆಸರು ಸಿಗುತ್ತದೆ. “ನಂಬರ್ ಇಲ್ಲದಿದ್ದರೆ ಇದು ಗುಜರಿ, ಹಾಲಾ. ಹೆಸರು ಸಿಕ್ಕರೆ ಮ್ಯೂಸಿಯಂ” ಎಂದರು ಭಾವ. “ಆ ಹುಡುಗನ ಮನೆಯಲ್ಲಿ ಯಾರಾದರೂ ಇನ್ನೂ ಕೇಳುತ್ತಿರಬಹುದು.”

ಮೋಯಾರ್ ಹತ್ತಿರದ ಹಾಡಿಯಲ್ಲಿ ನಂಜಿ ಎಂಬವಳಿದ್ದಾಳೆ. ಬೇಸಿಗೆಯಲ್ಲಿ ಕಾಳ್ಗಿಚ್ಚು ತಡೆಯಲು ಅರಣ್ಯದವರು ಕಡಿಸುವ ಬೆಂಕಿ ಗೆರೆಯ ಕೆಲಸಕ್ಕೆ ಹೋಗುವವಳು. ಯಾರ ಮನೆಯಲ್ಲಿ ಯಾವ ತಗಡಿದೆ ಎಂದು ಅವಳಿಗೆ ಬಾಯಿಪಾಠ. ಗಾಜು ಮುಚ್ಚಿದ, ದುಂಡಗಿನ, ಒಳಗೆ ಮುಳ್ಳಿರುವ ಸಾಮಾನು ಎಂದು ಕೈಯಲ್ಲಿ ತೋರಿಸಿದೆ. ಅವಳು ನನ್ನ ಮುಖ ನೋಡಿ, “ಅಪ್ಪನ್ನ ಕೇಳಿ ಅಣ್ಣ” ಎಂದಳು.

ಅಪ್ಪ ಮಾರ. ಎಂಬತ್ತೈದು ದಾಟಿದ್ದಾನೆ. ಕೆಮ್ಮು, ಅದರ ಜೊತೆ ಬೀಡಿ. ಹಾಡಿಯ ಅಂಚಿಗೆ ಕರೆದುಕೊಂಡು ಹೋದ. ಮೊಣಕಾಲೆತ್ತರದ ಚಪ್ಪಡಿ ಕಲ್ಲಿನ ಮನೆ, ಬಾಯಿಗೂ ಒಂದು ಚಪ್ಪಡಿ. ಸಂದಿಯಲ್ಲಿ ಬಗ್ಗಿ ನೋಡಿದರೆ ಹೊಳೆಯ ನುಣ್ಣನೆಯ ಕಲ್ಲುಗಳು, ಒತ್ತಾಗಿ. ಅವುಗಳ ನಡುವೆ ಗಾಜು ಮಿನುಗಿತು.

“ನಮ್ಮಲ್ಲಿ ಸತ್ತೋರ್ಗೆ ಹೊಳೇಯಿಂದ ಒಂದ್ ಕಲ್ ತಂದು ಮಡಗ್ತೀವಿ” ಎಂದ ಮಾರ. “ಆ ಹುಡ್ಗ ಬಿದ್ದಾಗ ನಾ ಇಷ್ಟೆತ್ರ ಇದ್ದೆ. ನಮ್ಮಪ್ಪನೇ ಹೂಳ್ದ. ಕಲ್ ಮಡಗ್ಬೇಕಲ್ಲ? ಅವ್ನು ನಮ್ ಹೊಳೇವ್ನಲ್ಲ. ಅವ್ನ ಗಾಡೀಲಿ ದುಂಡಗಿದ್ದಿದ್ದು ಇದೊಂದೇ. ಅಲ್ಲಾಡಿಸಿದ್ರೆ ಒಳ್ಗೆ ನೀರು. ಅಪ್ಪ ಅಂದ, ಇದು ಅವ್ರೂರ್ ಹೊಳೇ ಕಲ್ಲು ಕಣೋ ಅಂತ.”

ದಿಕ್ಸೂಚಿಯೊಳಗೆ ಮುಳ್ಳು ತೇಲಲು ಸ್ಪಿರಿಟ್ ತುಂಬಿರುತ್ತಾರೆ ಎಂದು ನಾನು ಹೇಳಲು ಹೋಗಲಿಲ್ಲ.

ವ್ಯಾಪಾರಕ್ಕೆ ಇಳಿದೆ. ನಂಜಿ ಸುತ್ತಿ ಬಳಸಿ ಮಾತಾಡುವವಳಲ್ಲ. “ಇಲ್ಲಿರೋ ಕಲ್ಲಿಗೆಲ್ಲ ಹೆಸರೈತೆ, ಅಣ್ಣ. ಇವ್ನೊಬ್ಬನಿಗಿಲ್ಲ. ಹೆಸರು ತಂದ್ಕೊಡಿ. ಹೊಳೇ ಕಲ್ ಮಡಗಿ, ಆ ಹೆಸರ್ ಕೂಗಿ, ಗಾಜು ನಿಮಗ್ ಕೊಡ್ತೀವಿ.”

“ಹೆಸರು ಅದರ ಅಡೀಲೇ ಇದೆ ತಾಯಿ. ಒಂದ್ಸಲ ಎತ್ತಿ ನೋಡ್ತೀವಿ.”

“ಮಲಗಿರೋರ ಕೆಳಗೆ ಕೈ ಹಾಕ್ತೀರಾ? ಇನ್ನೊಬ್ರು ಸತ್ತಾಗ ಅವ್ರ್ ಕಲ್ ಮಡಗಾಕೆ ಈ ಮನೆ ತೆರೀತೀವಿ. ಆಗ ಎತ್ತಿ ನೋಡ್ಕಳಿ. ಅಲ್ಲೀಗಂಟ ಇಲ್ಲ.”

ಏಜೆಂಟನ ಬಾಯಿ. ಯೋಚನೆಗಿಂತ ಮೊದಲು ಮಾತು ಬಂದುಬಿಟ್ಟಿತು: “ಮುಂದೆ ಯಾರು?”

ಮಾರ ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ ಕೈ ಎತ್ತಿದ. “ನಾನೇಯ.”

5 ನವೆಂಬರ್

ಭಾವನಿಗೆ ಹೇಳಿದೆ. ಸ್ಪ್ಯಾನರ್ ಒರೆಸುತ್ತಲೇ ಕೇಳಿದರು.

“ಆರೋಗ್ಯ ಹೇಗಿದೆ ಅವರದು?”

“ಕೆಮ್ಮು ಇದೆ.”

“ಮೇ ತಿಂಗಳ ಸೀಸನ್‌ಗೆ ಬಾಗಿಲು ತೆರೆಯಬೇಕು ಅಂತಿದೆ.”

ತೇನ್ಮೊಳಿ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟಳು. “ಸಾರ್, ನಾವು ಈಗ ಏನು ಮಾತಾಡ್ತಾ ಇದೀವಿ?” ಎಂದಳು ತಮಿಳಿನಲ್ಲಿ.

ಹೊರಡುವಾಗ ಭಾವ ಜೀಪಿನ ಹತ್ತಿರ ಬಂದರು. “ವಾರಕ್ಕೊಂದು ಸಲ ಹೋಗಿ ಬಾ.”

“ಹೋಗಿ?”

“ಹೋಗಿ ಬಾ, ಹಾಲಾ.”

ಸೋಮವಾರ ಎಂದು ಇಟ್ಟುಕೊಂಡೆ. ಸುಮ್ಮನೆ ಹೋಗಲಾಗುವುದಿಲ್ಲ, ಕಿತ್ತಳೆ ಒಯ್ಯಬೇಕು.

25 ನವೆಂಬರ್

ಮಾರ ಜಗಲಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ನಾನು ಜೀಪಿನಿಂದ ಕಾಲು ಇಳಿಸುವ ಮೊದಲೇ ಕೂಗಿದ. “ಏನ್ ಏಜೆಂಟಪ್ಪ, ಎಲೆ ಬಾಡ್ತಾ ಅಂತ ನೋಡಾಕ್ ಬಂದಾ?”

ನಾನು ಅವನ ಕೈ ಹಿಡಿದು, ಎಲೆ ಪರೀಕ್ಷೆ ಮಾಡುವವನ ಹಾಗೆ ಬೆರಳಲ್ಲಿ ಒತ್ತಿ ನೋಡಿದೆ. “ಇನ್ನೂ ಹಸಿ ಅಜ್ಜ. ನೀರಿನ ತೂಕ ಕಳೀಬೇಕು.”

“ಎಷ್ಟ್ ಕಳೀತೀಯ?”

“ಮಳೆಗಾಲದ ಒದ್ದೆ ಎಲೆ ರೇಟು.”

“ಕಳ್ಳ ನನ್ಮಗನೆ” ಎಂದು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ನಂಜಿ ನೀರು ತಂದಳು. ಬೀಡಿ ಕಟ್ಟನ್ನು ನಾನು ಜೇಬಿಗೆ ಹಾಕಿಕೊಂಡೆ. ಅವನು ನೋಡಿದ. ಮುಂದಿನ ಸೋಮವಾರ ಕೊಡುತ್ತೇನೆ ಎಂದೆ.

ಕೊಡುವ ಉದ್ದೇಶವಿಲ್ಲ.

16 ಡಿಸೆಂಬರ್

ಹೋಗಿ ಬಂದೆ. ಭಾವ ಕೇಳಿದರು, “ಹಾಗೇ ಇದ್ದಾರೆ” ಎಂದೆ. ಮಾರ ಕಿತ್ತಳೆ ಮೂರೂ ತಿಂದ.

6 ಜನವರಿ 2025

ಮೇಲೆ ನಮ್ಮಲ್ಲಿ ಹಿಮ ಬಿದ್ದು ಚಹಾ ಗಿಡದ ತುದಿಯೆಲ್ಲ ಸುಟ್ಟಿದೆ. ಕೆಳಗೆ ಮೋಯಾರಿನಲ್ಲಿ ಹಿಮವಿಲ್ಲ, ಆದರೆ ತಟ್ಟಿಗೋಡೆ. ಮಾರ ಗೋಣಿಚೀಲ ಹೊದ್ದು ಕೂತಿದ್ದ.

ಅಲಮಾರಿಯಲ್ಲಿ ಸ್ವೆಟರ್ ಒಂದು ಸುಮ್ಮನೆ ಇತ್ತು. ಹುಳು ಹಿಡಿಯುವ ಬದಲು ಎಂದು ಒಯ್ದಿದ್ದೆ. ಹೊರಗೆ ಹೋದ ಮಾಲು, ಒಂದು.

ಮಾರ ತಿರುಗಿಸಿ ಮುರುಗಿಸಿ ನೋಡಿದ. “ಹೆಂಗಸ್ರದಲ್ವಾ?”

“ಚಳಿ ಕೇಳ್ತದಾ ಅದನ್ನ?”

“ಯಾರ್ದು?”

“ಮನೇದು.”

ಅವನು ತೋಳು ತೂರಿಸಿಕೊಂಡ. ಗುಂಡಿ ಹಾಕಿಕೊಳ್ಳಲು ಅವನ ಬೆರಳು ಬಗ್ಗಲಿಲ್ಲ, ನಾನು ಹಾಕಿದೆ. ಎಡದ ಕೆಳಗಿನ ಗುಂಡಿ ಮೊದಲಿಂದಲೂ ಬೇರೆ ಬಣ್ಣದ್ದು.

21 ಜನವರಿ, ಗೂಡಲೂರು ಆಸ್ಪತ್ರೆ

ನಿನ್ನೆ ಬರೆಯಲಾಗಲಿಲ್ಲ.

ನಾನು ಹೋದಾಗ ಮಾರ ಏಳಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ಉಸಿರು ಕುಲುಮೆಯ ತಿದಿ ಊದುವ ಹಾಗೆ. ನಂಜಿ ಬಾಗಿಲಲ್ಲಿ ಕೂತಿದ್ದಳು. “ಮುಗಿಯೋ ಹಾಗೈತೆ ಅಣ್ಣ. ಆಸ್ಪತ್ರೆ ಬ್ಯಾಡ ಅಂತ ಮೊನ್ನೆನೇ ಅಂದ್ಬುಟ್ಟ. ನಿಮ್ಮೋರಿಗೆ ಫೋನ್ ಮಾಡಿ. ಮಾವ ಕಲ್ ಆರ್ಸಾಕೆ ಹೊಳೇಗೋಗವ್ನೆ.”

ಫೋನ್ ತೆಗೆದೆ. ಸಿಗ್ನಲ್ ಇರಲಿಲ್ಲ. ಆಮೇಲೆ ಅವನನ್ನು ಎತ್ತಿ ಜೀಪಿನಲ್ಲಿ ಮಲಗಿಸಿದ್ದೆ. ಮಧ್ಯದಲ್ಲಿ ಏನು ಯೋಚಿಸಿದೆ ಎಂದು ನೆನಪಿಲ್ಲ. ಎಲೆ ಮೂಟೆಗಿಂತ ಹಗುರ. ನಂಜಿ ಹಿಂದೆ ಹತ್ತಿ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡಳು. “ಅಪ್ಪ ಬೈತಾನೆ” ಎಂದಳು. “ಬೈಯ್ಯೋಕೆ ಉಸಿರು ಬರ್ಲಿ ಮೊದಲು” ಎಂದೆ.

ತೆಪ್ಪಕಾಡಿನಲ್ಲಿ ರಸ್ತೆಗೆ ಆನೆ ಅಡ್ಡ. ಅದು ಹೋಗುವವರೆಗೆ ಎಂಜಿನ್ ಆಫ್ ಮಾಡಿ ಕೂತೆವು. ಹಿಂದೆ ಉಸಿರು ಕೇಳುತ್ತದೆಯಾ ಎಂದು ಕಿವಿ ಕೊಟ್ಟು ಕೂತೆ.

ನ್ಯುಮೋನಿಯಾ ಅಂದರು. ಟ್ಯೂಬ್ ಹಾಕಿದ್ದಾರೆ.

ಮಸಿನಗುಡಿಯಲ್ಲಿ ಸಿಗ್ನಲ್ ಇತ್ತು. ಆಗ ಗೇರ್ ಹಾಕುತ್ತಿದ್ದೆ.

22 ಜನವರಿ

ಹಾಗೇ ಇದ್ದಾನೆ.

24 ಜನವರಿ

ಗಂಜಿ ಕುಡಿದ. ಮೊದಲ ಮಾತು: “ಬೀಡಿ ಎಲ್ಲಿ?”

30 ಜನವರಿ

ಮಾರನನ್ನು ಹಾಡಿಗೆ ಬಿಟ್ಟು, ಮೇಲೆ ಹತ್ತಿ ನೇರ ಶೆಡ್ಡಿಗೆ ಬಂದೆ. ಭಾವ ರೆಕ್ಕೆಗೆ ಕೊನೆಯ ತಗಡು ಬಡಿಯುತ್ತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು.

“ಚೆನ್ನಾಗಿದ್ದಾರಾ?”

“ಇದ್ದಾನೆ. ನಡೀತಾನೆ.”

“ಒಳ್ಳೇದು.” ಎರಡು ರಿವೆಟ್ ಹೊಡೆದರು. “ಹಾಲಾ, ಅವರು ಹೋಗಲಿ ಅಂತ ನಾನು ಒಂದು ದಿನ ಹೇಳಿದ್ದುಂಟಾ?”

“ಇಲ್ಲ ಬಾವ.”

“ಹೇಳಿಲ್ಲ. ಆದರೆ ನೀನು ಹೋಗಿ ಬದುಕಿಸಿಕೊಂಡು ಬಾ ಅಂತಲೂ ಹೇಳಿಲ್ಲ!”

ಹೇಳಿದ ಕೂಡಲೇ ಅವರ ಮುಖ ಬಿಳುಚಿತು. ಸುತ್ತಿಗೆ ಕೆಳಗಿಟ್ಟು ಹೊರಗೆ ಹೋದರು. ನನಗೂ ಸಿಟ್ಟಿತ್ತು. ಹಿಂದೆ ಹೋಗಲಿಲ್ಲ. ತೇನ್ಮೊಳಿ ಫ್ಲಾಸ್ಕಿನಿಂದ ಟೀ ಬಗ್ಗಿಸಿ ನನ್ನ ಕೈಗೆ ಕೊಟ್ಟಳು. “ಸಾರ್ ನಿನ್ನೆಯಿಂದ ನಾಲ್ಕು ಸಲ ಕೇಳಿದರು ಅಂಕಲ್, ಆಸ್ಪತ್ರೆಯಿಂದ ಫೋನ್ ಬಂತಾ ಅಂತ.”

ಯಾವ ಫೋನಿಗೆ ಕಾಯುತ್ತಿದ್ದರು ಎಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ.

3 ಮಾರ್ಚ್

ಇಷ್ಟು ದಿನ ಬರೆಯುವಂಥದ್ದು ಏನೂ ಇರಲಿಲ್ಲ. ಸೋಮವಾರಗಳಲ್ಲಿ ಹೋಗಿ ಬಂದೆ. ಭಾವ ಕಳಿಸಿದ್ದಲ್ಲ, ಅವರ ಜೊತೆ ಮಾತಿಲ್ಲ.

ಅವತ್ತು ನಂಜಿಯ ಮಾವ ಹೊಳೆಯಿಂದ ಆರಿಸಿ ತಂದ ಕಲ್ಲು ಮಾರನ ಬಾಗಿಲಲ್ಲೇ ಬಿದ್ದಿದೆ. ಉದ್ದ, ನುಣುಪು, ಒಳ್ಳೆಯ ಮಾಲು. ಮಾರ ಅದರಲ್ಲಿ ಅಡಕೆ ಕುಟ್ಟಿಕೊಳ್ಳುತ್ತಾನೆ.

“ಅಜ್ಜ, ಅದು ನಿನ್ನ ಕಲ್ಲಲ್ವಾ?”

“ಅದಕ್ಕೇ. ನನ್ನ ಕಲ್ಲು, ನಾ ಕುಟ್ಕತೀನಿ. ಆಮ್ಯಾಕೆ ಸುಮ್ಕೆ ಕುಂತಿರ್ತದೆ.”

ಮಧ್ಯಾಹ್ನ ಅಲ್ಲೇ ಉಂಡೆ. ರಾಗಿ, ಸೊಪ್ಪು. ನಾನು ಬರುವ ದಿನ ನಂಜಿ ಒಂದು ಪಾವು ಹೆಚ್ಚಿಗೆ ಹಾಕುತ್ತಾಳೆ ಎಂದು ಇವತ್ತು ಗೊತ್ತಾಯಿತು.

8 ಏಪ್ರಿಲ್

ಭಾವ ನಮ್ಮ ಮನೆಗೆ ಬಂದರು. ಭುವನಾ ಹೋದ ಮೇಲೆ ಇದೇ ಮೊದಲು. ಕೈಯಲ್ಲಿ ಪೆಟ್ಟಿಗೆ. ಹೊಸಿಲ ಒಳಗೆ ಕೂತು ತೆರೆದು ತೋರಿಸಿದರು. ದಿಕ್ಸೂಚಿ. ಕೊಯಮತ್ತೂರಿನ ಹಳೆ ಸಾಮಾನಿನವನ ಹತ್ತಿರ ಸಿಕ್ಕಿದ್ದು. ಬೇರೆ ವಿಮಾನದ್ದು, ಅದೇ ಅಳತೆ.

“ತೂತಿಗೆ ಸರಿಯಾಗಿ ಕೂರುತ್ತೆ. ನೋಡುವವರಿಗೆ ವ್ಯತ್ಯಾಸ ತಿಳಿಯೋಲ್ಲ” ಎಂದರು. “ಅವರು ಇರಲಿ ಹಾಲಾ. ಇನ್ನೂ ಹತ್ತು ವರ್ಷ ಇರಲಿ. ನಾನು ಅವತ್ತು ಅಂದದ್ದು ಬಾಯಿಯಿಂದ ಹೇಗೆ ಬಂತೋ. ಇದನ್ನು ಹಾಕಿಬಿಡೋಣ, ಮುಗೀತು.”

ನೇರವಾಗಿ ಕ್ಷಮೆ ಕೇಳುವ ಮನೆತನವಲ್ಲ ಅದು. ಭುವನಾಳೂ ಅಷ್ಟೇ, ಸಿಟ್ಟು ಇಳಿದರೆ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಿದ್ದಳು. ಪೆಟ್ಟಿಗೆ ಯಾಕೆ ತಂದರು ಎಂದು ನನಗೆ ಅರ್ಥವಾಯಿತು. ಸುಮ್ಮನೆ ಹೂಂ ಅಂದಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು.

“ಬೇಡ ಬಾವ” ಎಂದೆ. “ನನ್ನ ಶೆಡ್ಡಿಗೆ ಎಷ್ಟೋ ಜನ ಎಲೆ ಮೂಟೆಯ ತಳಕ್ಕೆ ಕಲ್ಲು ಹಾಕಿ ತೂಕಕ್ಕೆ ತಂದಿದ್ದಾರೆ. ಎಲ್ಲ ಮೂಟೆ ಸುರಿಸಿ ನೋಡಿ ವಾಪಸ್ ಕಳಿಸಿದ್ದೀನಿ. ಅದೇ ಶೆಡ್ಡಲ್ಲಿ ನಾವೇ ಹಾಕೋದಾ?”

“ಖಾಲಿ ತೂತು ಬಿಟ್ಟು ತೆರೆಯೋದಾ?”

“ಖಾಲಿ ಇರ್ಲಿ.”

ಭಾವ ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. ಪೆಟ್ಟಿಗೆ ಮುಚ್ಚಿ, ಒಳಗೆ ಏನಿದೆ ಉಣ್ಣುವುದಕ್ಕೆ ಎಂದು ಕೇಳಿದರು. ಇದ್ದದ್ದು ಬೀನ್ಸ್ ಸಾರು. ಇಬ್ಬರೂ ಉಂಡೆವು. ಇವತ್ತು ಸಾರು ಇವತ್ತಿನದೇ.

18 ಮೇ

ತೆರೆಯಿತು.

ಜನ ಎಲ್ಲಿಂದ ಬಂದರೋ! ಸೀಸನ್ನಿನ ಪ್ರವಾಸಿಗಳು ಸ್ವಲ್ಪ, ಹೆಚ್ಚಿಗೆ ನಮ್ಮವರೇ. ಕೋಳಿಗೂಡಿನ ಹೆಂಗಸು ಮಕ್ಕಳನ್ನು ಕರೆತಂದು ರೆಕ್ಕೆಯ ತುದಿ ತೋರಿಸಿ, “ಇದು ನಮ್ದು” ಎಂದು ಎಲ್ಲರಿಗೂ ಹೇಳುತ್ತಿದ್ದಳು. ಮೊಟ್ಟೆ ವಿಷಯ ಎತ್ತಲಿಲ್ಲ.

ಮಾರನನ್ನು ಬೆಳಿಗ್ಗೆಯೇ ಹೋಗಿ ಕರೆತಂದೆ. ಕಲ್ಲಟ್ಟಿ ಹತ್ತುವಾಗ ಪ್ರತಿ ತಿರುವಿಗೂ ನನಗೆ ಬೈದ. ನಂಜಿ ಹೊಸ ಸೀರೆ. ಅವನು ಬಿಸಿಲಲ್ಲೂ ಸ್ವೆಟರ್ ಬಿಚ್ಚಲಿಲ್ಲ.

“ಒಳಗೆ ಕುಂತ್ಕಬೇಕು” ಎಂದ. ಯಾರನ್ನೂ ಹತ್ತಿಸುವುದಿಲ್ಲ ಎಂದು ಭಾವ ಬೋರ್ಡು ಹಾಕಿದ್ದರು. ಆ ಬೋರ್ಡನ್ನು ತಾವೇ ಪಕ್ಕಕ್ಕೆ ಸರಿಸಿ, ಮಾರನ ಕಂಕುಳಿಗೆ ಕೈ ಕೊಟ್ಟು, ಒಂದೊಂದೇ ಕಾಲು ಒಳಗಿಟ್ಟು ಕೂರಿಸಿದರು. ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ.

ಮಾರ ಮುಂದೆ ನೋಡಿದ. ವಿಮಾನದ ಮೂತಿ ಮೇಲಕ್ಕಿದೆ. ಕೂತವನಿಗೆ ಅದೇ ಕಾಣುತ್ತದೆ, ಮತ್ತೇನೂ ಇಲ್ಲ.

“ಆ ಹುಡ್ಗನ್ಗೆ ಮುಂದೆ ಏನೂ ಕಾಣ್ತಿರ್ಲಿಲ್ವಲ್ಲ” ಎಂದ. “ಅದಕ್ಕೇ ಗಾಜ್ ನೋಡ್ಕಂಡ್ ಬಂದವ್ನೆ, ಪಾಪ.”

ಅವನು ಖಾಲಿ ತೂತಿನೊಳಗೆ ಕೈ ತೂರಿಸಿ, ಅಂಚನ್ನು ಬೆರಳಲ್ಲಿ ಸುತ್ತಿದ. ಆಮೇಲೆ ಭಾವನ ಕಡೆ ತಿರುಗಿದ.

“ಇದನ್ನ ಮುಚ್ಚಬ್ಯಾಡಿ, ಸಾರು. ನಾ ಓಗುವಾಗ ಕಳಿಸ್ಕೊಡ್ತೀನಿ.”

“ಆತುರ ಇಲ್ಲ ಅಜ್ಜ” ಎಂದರು ಭಾವ.

“ನಿಮಗಿಲ್ದೇ ಇರ್ಬೋದು. ಇವ್ನಿಗೈತೆ” ಎಂದು ನನ್ನ ಕಡೆ ಬೆರಳು ಮಾಡಿದ. “ಪ್ರತಿ ಸೋಮ್ವಾರ ಬತ್ತಾನೆ, ಬಾಡ್ತಾ ಅಂತ ನೋಡಾಕೆ. ಕಿತ್ಳೆ ಬೇರೆ ತತ್ತಾನೆ, ಕಳ್ಳ. ಕಿತ್ಳೆ ತಿಂದ್ರೆ ಎಲ್ಲಿ ಬಾಡ್ತದೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಧೂಳು ಕಣ್ಣಿಗೆ ಬಿದ್ದಿತ್ತು. ಎಲೆ ಶೆಡ್ಡಿನ ಧೂಳು ಎಷ್ಟು ಗುಡಿಸಿದರೂ ಹೋಗುವುದಿಲ್ಲ.

ಸಂಜೆ ತೇನ್ಮೊಳಿ ಆ ತೂತಿನ ಕೆಳಗೆ ಒಂದು ಚೀಟಿ ಅಂಟಿಸಿದಳು, ತಮಿಳಿನಲ್ಲೂ ಕನ್ನಡದಲ್ಲೂ. “ಇಲ್ಲಿಯ ದಿಕ್ಸೂಚಿ ಮೋಯಾರಿನಲ್ಲಿ ಕೆಲಸದ ಮೇಲಿದೆ.”

2 ಜೂನ್

ಮಳೆ ಹಿಡಿಯಿತು. ಪುಸ್ತಕ ಮುಗಿಯುತ್ತ ಬಂತು. ಯಾರಿಗೆ ಏನು ಬಂತು ಎಂದು ಬರೆದು ಮುಚ್ಚುತ್ತೇನೆ.

ಮಹಾಲಿಂಗಂ: ಒಂದು ವಿಮಾನ, ಒಂದು ಸಾಮಾನು ಕಮ್ಮಿ. ಜನ ಹೆಚ್ಚು ಹೊತ್ತು ನಿಲ್ಲುವುದು ಆ ಕಮ್ಮಿಯ ಎದುರಿಗೇ.

ತೇನ್ಮೊಳಿ: ಹುಡುಗನ ಹೆಸರು ಕೇಳಿ ದಾಖಲೆಯವರಿಗೆ ಬರೆದು, ಕಳಿಸದೆ ಉಳಿದ ಒಂದು ಕಾಗದ. ನಂಬರಿಗೆ ಜಾಗ ಬಿಟ್ಟು ಇಟ್ಟುಕೊಂಡಿದ್ದಾಳೆ.

ಕೋಳಿಗೂಡಿನವಳು: ಜಿಂಕ್ ಶೀಟು. ಮೊಟ್ಟೆ ಮೊದಲಿನಷ್ಟೇ.

ನಂಜಿ: ಅಪ್ಪ.

ಆ ಹುಡುಗ: ಹೆಸರು ಇನ್ನೂ ಇಲ್ಲ. ಅಕ್ಕಪಕ್ಕದವರು ಹಳಬರೇ.

ಮಾರ: ಇನ್ನೊಂದು ಮಳೆಗಾಲ. ಅಡಕೆ ಕುಟ್ಟಲು ಕಲ್ಲು.

ಹಾಲನ್: ಸೋಮವಾರ. ಸ್ವೆಟರ್ ವಾಪಸ್ ಬಂದಿಲ್ಲ. ಕೇಳಿಲ್ಲ.